ಹೆಸರು ಹೋದ ಮಳೆಗಾಲ

ನನ್ನ ತಂಗಿ ಸವಿತಾ ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡು ನನಗೆ ಒಂದೇ ಒಂದು ಕೆಲಸ ಹೇಳಿದ್ದಳು. ಒಂದು ಫೋನ್ ಬರುತ್ತದೆ, ಬಂದರೆ ನನಗೆ ತಿಳಿಸು ಎಂದು. ನಾನು ತಿಳಿಸಲಿಲ್ಲ. ಅಷ್ಟೇ ಆಗಿದ್ದರೆ ಅದು ಯಾರಿಂದಲಾದರೂ ಆಗಬಹುದಾದ ತಪ್ಪು. ಆದರೆ ಆಮೇಲೆ ಅವಳು ಕೇಳಿದಾಗ, ನೀನು ನನಗೆ ಹೇಳಲೇ ಇಲ್ಲವಲ್ಲ ಎಂದುಬಿಟ್ಟೆ. ಆ ಮಾತನ್ನು ವಾಪಸು ತೆಗೆದುಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು. ಅಷ್ಟು ದಿನವೂ ನನ್ನ ತಂಗಿ ತನ್ನ ತಲೆಯೇ ಸರಿಯಿಲ್ಲ ಎಂದು ನಂಬಿಕೊಂಡು ಬದುಕಿದಳು.

ಈ ಸಲ ಮಳೆ ಹಿಡಿದ ಮೇಲೆ ನಮ್ಮ ಕೆಸರೆಯ ಬೀದಿಯಲ್ಲಿ ಮತ್ತೆ ಜ್ವರ ಶುರುವಾಯಿತು. ಎದುರುಮನೆಯ ಮಗುವಿಗೆ ಡೆಂಗಿ ಎಂದು ಗೊತ್ತಾದ ದಿನ ಅದರ ಅಜ್ಜಿ ಜಗುಲಿಯ ಮೇಲೆ ಕೂತು ಪರಂಗಿ ಎಲೆ ಕುಟ್ಟುತ್ತಿದ್ದರು. ಅದರ ರಸ ಕುಡಿಸಿದರೆ ರಕ್ತದ ಪ್ಲೇಟ್‌ಲೆಟ್ ಏರುತ್ತದೆ ಎಂದು ನಮ್ಮಲ್ಲಿ ನಂಬುತ್ತಾರೆ. ಆ ಹಸಿ, ಕಹಿ ವಾಸನೆ ನನ್ನ ಗೂಡ್ಸ್ ಆಟೋದೊಳಗೆ ಬಂತು. ಕೀಲಿ ತಿರುಗಿಸಲು ಹೋದವನು ಕೈ ಅಲ್ಲೇ ಇಟ್ಟುಕೊಂಡು ಕೂತುಬಿಟ್ಟೆ. ಎರಡು ವರ್ಷದ ಹಿಂದಿನ ಆ ಮಳೆಗಾಲ ಪೂರ್ತಿ ಈ ವಾಸನೆಯಲ್ಲೇ ಇದೆ.

ಆಗ ಸವಿತಾಳ ಕೆಲಸ ಚೆನ್ನಾಗಿ ನಡೆಯುತ್ತಿತ್ತು. ಮನೆಯ ಮುಂದಿನ ಕೋಣೆಯಲ್ಲಿ ಒಂದು ಮೇಜು, ಒಂದು ಲ್ಯಾಪ್‌ಟಾಪ್, ಕರೆಂಟು ಹೋದರೆ ಇರಲಿ ಎಂದು ಒಂದು ಯುಪಿಎಸ್. ಗೇಟಿಗೆ ‘ಇಲ್ಲಿ ವೆಬ್‌ಸೈಟ್ ಮಾಡಿಕೊಡಲಾಗುತ್ತದೆ’ ಎಂದು ಬೋರ್ಡು. ಅದನ್ನು ಬರೆಸಿ ತಂದವನು ನಾನು. ಅವಳು ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. “ಇದೇನಣ್ಣ, ಇಲ್ಲಿ ಪಂಕ್ಚರ್ ಹಾಕಲಾಗುತ್ತದೆ ಅನ್ನೋ ಥರ ಬರ್ಸಿದೀಯ” ಅಂದಳು. ಆದರೆ ಬೋರ್ಡು ತೆಗೆಸಲಿಲ್ಲ. ಬ್ಲಾಗು ಬರೆಯುವವರಿಗೆ ಬ್ಲಾಗು, ಮನೆಯಲ್ಲಿ ಏನಾದರೂ ಮಾಡಿ ಮಾರುವವರಿಗೆ ಆನ್‌ಲೈನ್ ಅಂಗಡಿ, ಇಂಥವನ್ನು ಕಟ್ಟಿಕೊಟ್ಟು, ಕೆಟ್ಟರೆ ಸರಿಮಾಡಿ, ವರ್ಷವಿಡೀ ನೋಡಿಕೊಳ್ಳುವುದು ಅವಳ ಕೆಲಸ. ಬಿ.ಕಾಂ. ಮುಗಿಸಿ ತಾನೇ ಕಲಿತು ಕಟ್ಟಿಕೊಂಡ ಕೆಲಸ.

ಅಪ್ಪ ಹೋದಾಗ ನಾನು ಏಳನೇ ಕ್ಲಾಸು. ಶಾಲೆ ಬಿಟ್ಟು ಲಾರಿ ಆಫೀಸಿನಲ್ಲಿ ಗಂಟು ಹೊತ್ತೆ, ಆಮೇಲೆ ಆಟೋ ಓಡಿಸಿದೆ. ಸವಿತಾ ಯಾರ ಮುಂದೆಯಾದರೂ ಸರಿ, ನನ್ನನ್ನು ಓದಿಸಿದ್ದು ನಮ್ಮಣ್ಣ ಎಂದೇ ಮಾತು ಶುರುಮಾಡುತ್ತಿದ್ದಳು. ಆ ಮಾತು ಕಿವಿಗೆ ಬಿದ್ದಾಗ ನಾನು ಏನೂ ಕೇಳಿಸದವನಂತೆ ಗಾಡಿ ಒರೆಸುತ್ತಾ ನಿಲ್ಲುತ್ತಿದ್ದೆ. ಕೇಳಿಸದೆ ಏನು? ಅದನ್ನು ಕೇಳುವುದಕ್ಕೇ ಅಲ್ಲಿ ನಿಂತಿರುತ್ತಿದ್ದೆ. ಅವಳ ಕೆಲಸ ಏನೆಂದು ಮಾತ್ರ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಅವಳು ವಿವರಿಸುವಾಗ ಹೂಂ ಅನ್ನುತ್ತಿದ್ದೆ. ಅರ್ಥವಾಗದ್ದನ್ನು ಕೇಳಿದರೆ ಅಣ್ಣ ದಡ್ಡ ಎಂದುಕೊಂಡಾಳು ಎಂದು ಕೇಳುತ್ತಿರಲಿಲ್ಲ.

ಅವಳ ಗಿರಾಕಿಗಳಲ್ಲಿ ನಸ್ರೀನಕ್ಕ ಒಬ್ಬರು. ಉದಯಗಿರಿಯಲ್ಲಿ ಮನೆ. ಮುಂದಿನ ಕೋಣೆಯಲ್ಲಿ ಮೂರು ಹೊಲಿಗೆ ಯಂತ್ರ ಹಾಕಿಕೊಂಡು, ಇನ್ನಿಬ್ಬರು ಹೆಂಗಸರನ್ನು ಸೇರಿಸಿಕೊಂಡು ಸಣ್ಣ ಮಕ್ಕಳ ಫ್ರಾಕು ಹೊಲಿಯುತ್ತಿದ್ದರು. ಅವರ ಅಂಗಡಿಗೆ ಏನು ಹೆಸರಿಡೋಣ ಎಂದು ಸವಿತಾ ಕೇಳಿದಾಗ, ಅಲ್ಲೇ ಕೂತು ಹೋಂವರ್ಕ್ ಬರೆಯುತ್ತಿದ್ದ ಮಗಳನ್ನು ತೋರಿಸಿ, “ಇವಳ ಹೆಸರೇ ಇಡಮ್ಮ” ಅಂದರಂತೆ. ಮಗಳು ಜೋಯಾ. ಅಂಗಡಿ ‘ನಮ್ಮ ಜೋಯಾ’ ಆಯಿತು. ಪ್ರತಿ ಫ್ರಾಕಿನ ಕತ್ತಿನ ಹಿಂದೆ ಆ ಹೆಸರಿನ ಪುಟ್ಟ ಬಟ್ಟೆಯ ಚೀಟಿ ಹೊಲಿದಿರುತ್ತಿತ್ತು. ಪಾರ್ಸೆಲ್ ಜಾಸ್ತಿ ಇದ್ದ ದಿನ ನಾನೇ ಗಾಡಿಯಲ್ಲಿ ಕೊರಿಯರ್ ಆಫೀಸಿಗೆ ಮುಟ್ಟಿಸುತ್ತಿದ್ದೆ.

ಇಂಥ ಅಂಗಡಿಯ ವಿಷಯದಲ್ಲಿ ಒಂದು ಸಂಗತಿ ಇದೆ. ಅದು ನನಗೆ ತಡವಾಗಿ ತಿಳಿದದ್ದು. ಅಂಗಡಿ ನಮ್ಮದೇ ಆದರೂ, ಇಂಟರ್‌ನೆಟ್ಟಿನಲ್ಲಿ ಅದನ್ನು ಕರೆಯುವ ಹೆಸರು ಮಾತ್ರ ನಮ್ಮದಲ್ಲ, ಬಾಡಿಗೆಯದು. ವರ್ಷಕ್ಕೊಮ್ಮೆ ಕಟ್ಟಿ ಉಳಿಸಿಕೊಳ್ಳಬೇಕು. ಕಟ್ಟದಿದ್ದರೆ ಸ್ವಲ್ಪ ದಿನ ಕಾಯುತ್ತಾರೆ, ಆಮೇಲೆ ಹೆಸರು ಕೈ ಬಿಡುತ್ತದೆ. ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಗಿರಾಕಿಗಳ ಹೆಸರುಗಳನ್ನೆಲ್ಲ ಸವಿತಾಳೇ ನೋಡಿಕೊಳ್ಳುತ್ತಿದ್ದಳು. ಆ ವರ್ಷ ಅವಳ ಬ್ಯಾಂಕಿನ ಕಾರ್ಡು ಬದಲಾಗಿತ್ತು. ತಾನಾಗಿಯೇ ಆಗಬೇಕಿದ್ದ ನಸ್ರೀನಕ್ಕನ ಅಂಗಡಿಯ ಪಾವತಿ ಆಗುವುದಿಲ್ಲ, ಹೆಸರು ಕೊಡುವ ಕಂಪನಿಯವರು ಫೋನ್ ಮಾಡುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಮಾಡಿದಾಗ ಕಟ್ಟಿದರಾಯಿತು ಎಂದುಕೊಂಡಿದ್ದಳು.

ಅಷ್ಟರಲ್ಲಿ ಜ್ವರ ಬಂತು.

ಆ ಆಷಾಢದಲ್ಲಿ ಮಳೆ ಜೋರಾಗಿ ಬರಲೂ ಇಲ್ಲ, ಬಿಡಲೂ ಇಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಸೊಳ್ಳೆಪರದೆಯಂಥ ಜಿನುಗು. ಬೆಟ್ಟ ಕಾಣಿಸುತ್ತಿರಲಿಲ್ಲ. ಶುಕ್ರವಾರ ಬೆಟ್ಟಕ್ಕೆ ಹೋಗುವವರು ತಲೆಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು ಹೋಗುತ್ತಿದ್ದರು. ಬೀದಿಬೀದಿಗೆ ಹೊಗೆ ಹೊಡೆಯುವ ಗಾಡಿ ಬರುತ್ತಿತ್ತು. ಮನೆಮನೆ ನೋಡಲು ಬಂದ ಹೆಣ್ಣುಮಗಳೊಬ್ಬಳು ನಮ್ಮ ಹಿತ್ತಲಿನಲ್ಲಿ ನಾನು ಬಿಸಾಡಿದ್ದ ಹಳೆ ಟೈರು ನೋಡಿ, ಅದರಲ್ಲಿ ನಿಂತ ನೀರು ಚೆಲ್ಲಿ ಎಂದು ಹೇಳಿ ಹೋಗಿದ್ದಳು. ನಾಳೆ ಚೆಲ್ಲೋಣ ಎಂದುಕೊಂಡಿದ್ದೆ.

ಸವಿತಾಳಿಗೆ ಮೂರು ದಿನ ಜ್ವರ ಬಿಡದೆ ನಾಲ್ಕನೆಯ ದಿನ ಮೈಮೇಲೆ ಕೆಂಪು ಚುಕ್ಕೆ ಎದ್ದಾಗ ಆಸ್ಪತ್ರೆಗೆ ಸೇರಿಸಿದೆವು. ಅವ್ವ ಅವಳ ಜೊತೆ ಉಳಿದುಕೊಂಡಳು. ನಾನು ಬೆಳಿಗ್ಗೆ ಬಾಡಿಗೆ ಹೊಡೆದು ಸಂಜೆ ಹೋಗುತ್ತಿದ್ದೆ. ಸೇರಿಸಿದ ದಿನವೇ ಅವಳು ತನ್ನ ಕೆಲಸದ ಫೋನು ನನ್ನ ಕೈಗೆ ಕೊಟ್ಟಳು. ಕಣ್ಣು ಬಿಡಲು ಆಗುತ್ತಿರಲಿಲ್ಲ. ಗ್ಲೂಕೋಸ್ ಹಾಕಿದ ಕೈಯಲ್ಲೇ ನನ್ನ ಅಂಗಿಯ ತೋಳು ಹಿಡಿದು ಹೇಳಿದಳು.

“ಅಣ್ಣ, ನಸ್ರೀನಕ್ಕನ ಹೆಸರು ಹೋಗುತ್ತೆ. ಅದಕ್ಕೆ ಫೋನ್ ಬರುತ್ತೆ. ಬಂದ ತಕ್ಷಣ ನಂಗೆ ಹೇಳು. ಮಲ್ಗಿದ್ರೂ ಎಬ್ಬಿಸು.”

ಆಯ್ತು ಬುಡು, ಮಲ್ಕೋ, ಅಂದೆ. ಸ್ವಲ್ಪ ಹೊತ್ತು ಬಿಟ್ಟು ಕಣ್ಣು ಮುಚ್ಚಿಕೊಂಡೇ ಇನ್ನೊಂದು ಸಲ ಅದನ್ನೇ ಹೇಳಿದಳು. ನಸ್ರೀನಕ್ಕನ ಹೆಸರು ಹೋಗುತ್ತೆ ಅಂದರೆ ನಾನು ಏನೆಂದು ತಿಳಿದುಕೊಳ್ಳಲಿ? ಹೆಣ್ಣುಮಗಳ ಹೆಸರು ಹೋಗುವುದು ಎಂದರೆ ನಮ್ಮಲ್ಲಿ ಒಂದೇ ಅರ್ಥ. ಪಾಪ, ಆ ಹೆಂಗಸಿಗೆ ಯಾರೋ ತೊಂದರೆ ಕೊಡುತ್ತಿದ್ದಾರೆ, ಇವಳಿಗೆ ಗೊತ್ತಿದೆ, ಜ್ವರದಲ್ಲಿ ಅದನ್ನೇ ಕನವರಿಸುತ್ತಿದ್ದಾಳೆ ಎಂದುಕೊಂಡೆ. ಏನಮ್ಮ ಹಾಗಂದರೆ ಎಂದು ಬಾಯಿಬಿಟ್ಟು ಕೇಳಬಹುದಿತ್ತು. ಕೇಳಲಿಲ್ಲ.

ಫೋನು ಜೇಬಿನಲ್ಲಿಟ್ಟುಕೊಂಡು ತಿರುಗುವುದು ಮೊದಮೊದಲು ನನಗೆ ಹೆಮ್ಮೆಯೇ ಆಗಿತ್ತು. ವಿದ್ಯಾರಣ್ಯಪುರಂನ ರಿಟೈರ್ಡ್ ಮೇಷ್ಟ್ರೊಬ್ಬರು ದಿನಾ ಫೋನ್ ಮಾಡುತ್ತಿದ್ದರು. ಅವರದೊಂದು ಬ್ಲಾಗು. ತಾವು ಬರೆದದ್ದಕ್ಕೆ ಎರಡು ದಿನದಿಂದ ಯಾರೂ ಏನೂ ಅಭಿಪ್ರಾಯ ಹಾಕಿಲ್ಲ, ಒಳಗೆ ಏನಾದರೂ ಕೆಟ್ಟಿದೆಯಾ ಎಂದು ಕೇಳಿದರು. “ಮಳೆ ಅಲ್ವಾ ಸಾರ್, ಜನ ಆಚೆಗೇ ಬರ್ತಿಲ್ಲ” ಅಂದೆ. ಹೌದಪ್ಪ, ಅದೂ ನಿಜ, ಎಂದು ಸಮಾಧಾನವಾಗಿ ಇಟ್ಟರು. ಆ ಸಂಜೆ ಸವಿತಾಳಿಗೆ ಇದನ್ನು ಹೇಳಿದಾಗ ಆ ಸುಸ್ತಿನಲ್ಲೂ ಅವಳ ತುಟಿ ಅರಳಿತು. ಅಣ್ಣನೂ ವೆಬ್ ಡಿಸೈನರ್ ಆದ ಅಂದಳು.

ಆ ಫೋನು ಬಂದದ್ದು ಬಂಡಿಪಾಳ್ಯದ ಮಾರುಕಟ್ಟೆಯಲ್ಲಿ, ನಾನು ಈರುಳ್ಳಿ ಮೂಟೆ ಹಾಕಿಸುತ್ತಿದ್ದಾಗ. ಒಬ್ಬಳು ಹುಡುಗಿ. ಕನ್ನಡ ಅವಳ ಬಾಯಲ್ಲಿ ಎಡವಿ ಎಡವಿ ಬರುತ್ತಿತ್ತು.

“ಸರ್, ಇವತ್ತು ಲಾಸ್ಟ್ ಸರ್. ಇವತ್ತು ಕಟ್ಟಿಲ್ಲ ಅಂದ್ರೆ ನಿಮ್ಮ ಹೆಸರು ಹೋಗುತ್ತೆ. ಬೇರೆಯವರು ತಗೋತಾರೆ.”

“ನನ್ನ ಹೆಸರು ತಗೊಂಡು ಏನಮ್ಮ ಮಾಡ್ತಾರೆ ಅವ್ರು?”

“ಏನು ಬೇಕಾದ್ರೂ ಮಾಡ್ಬೋದು ಸರ್.”

ನಮ್ಮ ಬೀದಿಯ ಹಾಲಿನ ಬೂತಿನವನನ್ನು ಆಗಷ್ಟೇ ಯಾರೋ ಫೋನಿನಲ್ಲಿ ಹೆದರಿಸಿ ಮೋಸ ಮಾಡಿದ್ದರು. ನಿನ್ನ ಹೆಸರು ಕೇಸಿನಲ್ಲಿ ಸೇರಿದೆ, ಮಾನ ಹೋಗುತ್ತದೆ ಎಂದು ಹೇಳಿ ಅವನ ಖಾತೆ ಬರಿದು ಮಾಡಿದ್ದರು. ಆಮೇಲೆ ಸವಿತಾಳೇ ನನ್ನನ್ನು ಕೂರಿಸಿಕೊಂಡು, ಗೊತ್ತಿಲ್ಲದವರು ಹೆದರಿಸಿದರೆ ಮಾತು ಬೆಳೆಸಬೇಡ, ಕಟ್ ಮಾಡಿ ಬ್ಲಾಕ್ ಮಾಡು ಎಂದು ಬ್ಲಾಕ್ ಮಾಡುವುದನ್ನು ಕಲಿಸಿಕೊಟ್ಟಿದ್ದಳು. ನಾನು ಹಮಾಲರಿಗೆಲ್ಲ ಕೇಳಲಿ ಎಂದು ಫೋನು ಜೋರು ಮಾಡಿದೆ. ಪೊಲೀಸ್ ಸ್ಟೇಷನ್ನಿಗೆ ಬಾರಮ್ಮ, ಅಲ್ಲೇ ಕೊಡ್ತೀನಿ ನನ್ನ ಹೆಸರ, ಎಂದು ಬೈದು ಕಟ್ ಮಾಡಿದೆ. ನಂಬರು ಬ್ಲಾಕ್ ಮಾಡಿದೆ. ಸರಿಯಾಗಿ ಕೊಟ್ಟೆ ಕಣಣ್ಣ ಅಂದರು ಹಮಾಲರು. ಆ ದಿನವೆಲ್ಲ ನಾನು ಎದೆಯುಬ್ಬಿಸಿಕೊಂಡೇ ಗಾಡಿ ಓಡಿಸಿದೆ.

ಸಂಜೆ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಎರಡು ಮಾತು ತಲೆಯಲ್ಲಿ ಒಂದಕ್ಕೊಂದು ತಾಕಿದವು. ನಸ್ರೀನಕ್ಕನ ಹೆಸರು ಹೋಗುತ್ತೆ. ನಿಮ್ಮ ಹೆಸರು ಹೋಗುತ್ತೆ. ಮೆಟ್ಟಿಲಿನ ಮೇಲೆ ನಿಂತೆ. ಹಿಂದಿನಿಂದ ಬಂದವರು ದಾರಿ ಬಿಡಿ ಅಂದರು. ಹೇಳಿಬಿಡಬೇಕು ಎಂದೇ ಮೇಲೆ ಹೋದೆ. ಹೋದರೆ ಮಂಚದ ಸುತ್ತ ನರ್ಸುಗಳು, ಅವ್ವನ ಅಳು. ಸವಿತಾಳ ಪ್ಲೇಟ್‌ಲೆಟ್ ಇಳಿದುಹೋಗಿತ್ತು, ರಕ್ತ ಕೊಡುವವರನ್ನು ಕರೆತನ್ನಿ ಎಂದರು. ನಾನು ಆಟೋ ಸ್ಟ್ಯಾಂಡಿಗೆ ಓಡಿದೆ. ಆ ಸಂಜೆ ಹೇಳದೆ ಇದ್ದದ್ದಕ್ಕೆ ನನ್ನನ್ನು ಯಾರೂ ಬೈಯಲಾರರು, ನಾನೂ ಬೈದುಕೊಳ್ಳುವುದಿಲ್ಲ. ಆದರೆ ಮಾರನೆಯ ದಿನ ಅವಳು ಕಣ್ಣು ಬಿಟ್ಟು ಎರಡು ಚಮಚ ಗಂಜಿ ಕುಡಿದಳು. ಆಗಲೂ ಹೇಳಲಿಲ್ಲ. ಆ ಹುಡುಗಿ ಇವತ್ತು ಲಾಸ್ಟ್ ಅಂದಿದ್ದಳು, ಆ ಇವತ್ತು ಮುಗಿದುಹೋಗಿದೆ, ಇನ್ನು ಹೇಳಿ ಪ್ರಯೋಜನವೇನು ಎಂದು ನನಗೆ ನಾನೇ ಹೇಳಿಕೊಂಡೆ. ಅವಳಿಗೆ ಹೇಳಿದ್ದರೆ ಮಲಗಿದಲ್ಲಿಂದಲೇ ಯಾರಿಗಾದರೂ ಫೋನ್ ಮಾಡಿಸಿ ಏನಾದರೂ ಮಾಡುತ್ತಿದ್ದಳೋ ಏನೋ. ಬ್ಲಾಕ್ ಮಾಡಿದ್ದನ್ನು ತೆಗೆಯುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಅದನ್ನು ಯಾರನ್ನಾದರೂ ಕೇಳಲು ನಾಚಿಕೆ.

ಅದಾದ ಎರಡು ದಿನಕ್ಕೆ ನಸ್ರೀನಕ್ಕ ಆಸ್ಪತ್ರೆಗೆ ಬಂದರು. ಬುರ್ಖಾ ಮಳೆಗೆ ತೊಯ್ದಿತ್ತು. ಒಂದು ಫ್ಲಾಸ್ಕಿನಲ್ಲಿ ಪರಂಗಿ ಎಲೆಯ ರಸ, ಒಂದು ಡಬ್ಬಿಯಲ್ಲಿ ಬೆಲ್ಲ. ಸವಿತಾಳ ತಲೆ ತಮ್ಮ ತೋಳಿಗೆ ಆನಿಸಿಕೊಂಡು, ಮಗುವಿಗೆ ಕುಡಿಸುವಂತೆ ಗುಟುಕು ಗುಟುಕಾಗಿ ಕುಡಿಸಿದರು. ಅವಳು ಮುಖ ಕಿವುಚಿದಾಗಲೆಲ್ಲ ಬೆಲ್ಲದ ಚೂರು ಬಾಯಿಗೆ ಹಾಕಿದರು. ವಾರ್ಡಿಗೆಲ್ಲ ಆ ವಾಸನೆ. ಹೊರಡುವಾಗ ನನ್ನನ್ನು ವರಾಂಡಕ್ಕೆ ಕರೆದರು.

“ಮಾದೇವಣ್ಣ, ಎರಡ್ಮೂರು ದಿನದಿಂದ ನಮ್ಮ ಅಂಗಡಿ ತೆರ್ಕೋತಿಲ್ಲ ಫೋನಲ್ಲಿ. ಸವಿತಾಗೆ ಈಗ್ಲೇ ಹೇಳ್ಬೇಡಿ. ಪಾಪ, ಹುಷಾರಾಗ್ಲಿ. ನಮ್ದೇನು ಓಡೋಗಲ್ಲ.”

ನಾನು ತಲೆಯಾಡಿಸಿದೆ. ಬಾಯಿ ಮುಚ್ಚಿಕೊಂಡಿರಲು ಅವರೇ ನನಗೊಂದು ನೆಪ ಕೊಟ್ಟು ಹೋದರು.

ಸವಿತಾ ಮನೆಗೆ ಬಂದ ಮೇಲೂ ಎರಡು ವಾರ ಗೋಡೆ ಹಿಡಿದುಕೊಂಡೇ ಓಡಾಡಿದಳು. ಬಾಚಣಿಗೆ ಇಟ್ಟರೆ ಕೂದಲು ಕಿತ್ತು ಬರುತ್ತಿತ್ತು. ಫೋನು ಕೊಡು ಎಂದಾಗಲೆಲ್ಲ ಡಾಕ್ಟರು ಬೇಡ ಅಂದಿದ್ದಾರೆ ಎಂದು ಅವ್ವ ತಡೆಯುತ್ತಿದ್ದಳು. ಒಂದು ಮಧ್ಯಾಹ್ನ ಅವ್ವ ಪಡಸಾಲೆಯಲ್ಲಿ ಮಲಗಿದ್ದಾಗ ತಾನೇ ಎದ್ದು ಮುಂದಿನ ಕೋಣೆಗೆ ಹೋಗಿ ಲ್ಯಾಪ್‌ಟಾಪ್ ತೆರೆದಳು. ನಾನು ಊಟಕ್ಕೆ ಬಂದವನು ಬಾಗಿಲಲ್ಲಿ ನಿಂತಿದ್ದೆ. ನಮ್ಮ ಜೋಯಾ ಎಂದು ಒತ್ತಿದರೆ ತೆರೆದದ್ದು ಜೂಜಿನ ಪುಟ. ಇಸ್ಪೀಟಿನ ಎಲೆಗಳು ಬೀಳುತ್ತಿದ್ದವು, ಅರೆಬಟ್ಟೆಯ ಹೆಂಗಸೊಬ್ಬಳು ಕೈಬೀಸಿ ಕರೆಯುತ್ತಿದ್ದಳು. ಮೇಲೆ ದೊಡ್ಡದಾಗಿ ಅದೇ ಹೆಸರು. ನಸ್ರೀನಕ್ಕನ ಮಗಳ ಹೆಸರು.

ಸವಿತಾ ತುಂಬ ಹೊತ್ತು ಅದನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಅವಳ ದನಿಯಲ್ಲಿ ಆರೋಪ ಇರಲಿಲ್ಲ. ಕಳೆದುಹೋದ ಸಾಮಾನು ಹುಡುಕುವವಳಂತೆ ಕೇಳಿದಳು.

“ಅಣ್ಣ, ನಾನು ನಿಂಗೆ ಹೇಳಿದ್ದೆ ಅಲ್ವಾ? ಆಸ್ಪತ್ರೆಲಿ. ಹೆಸರಿಗೆ ಫೋನ್ ಬರುತ್ತೆ ಅಂತ.”

“ನೀನೆಲ್ಲಮ್ಮ ಹೇಳ್ದೆ? ಜ್ವರದಲ್ಲಿ ಏನೇನೋ ಬಡಬಡಿಸ್ತಿದ್ದೆ. ಅದ್ನೇ ಹೇಳ್ದೆ ಅನ್ಕೊಂಡಿದೀಯ. ಯಾವ ಫೋನೂ ಬರ್ಲಿಲ್ಲ.”

“ಹೌದಾ?” ಅಂದಳು.

ಅಷ್ಟೇ. ಆಸ್ಪತ್ರೆಯಿಂದ ಬಂದ ದಿನ ನಾನು ಮೇಜಿನ ಮೇಲಿಟ್ಟಿದ್ದ ಆ ಫೋನು ಅವಳ ಮೊಣಕೈಯ ಪಕ್ಕದಲ್ಲೇ ಇತ್ತು. ನಾನು ಬ್ಲಾಕ್ ಮಾಡಿದ ನಂಬರು ಅದರೊಳಗೇ ಇತ್ತು. ಎರಡು ಸಲ ಬೆರಳಾಡಿಸಿದ್ದರೆ ಸಿಗುತ್ತಿತ್ತು. ಅವಳು ನೋಡಲಿಲ್ಲ. ಅಣ್ಣನೇ ಹೇಳಿದ ಮೇಲೆ ನೋಡುವುದೇನಿದೆ?

ಯಾಕೆ ಹಾಗೆ ಹೇಳಿದೆ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಅವಳು ಬೈಯುತ್ತಾಳೆ ಎಂಬ ಹೆದರಿಕೆಯಲ್ಲ, ಅವಳು ಬೈಯುತ್ತಿರಲಿಲ್ಲ. ಓದಿಸಿದ ಅಣ್ಣ, ಅವಳ ಕೆಲಸದಲ್ಲಿ ಅವಳು ನನಗೆ ಒಪ್ಪಿಸಿದ್ದ ಆ ಒಂದನ್ನೂ ಕೆಡಿಸಿದ ಎಂದು ಅವಳ ಕಣ್ಣಿನಲ್ಲಿ ಕಾಣುವುದು ನನಗೆ ಬೇಕಿರಲಿಲ್ಲ. ಅವಳ ಮುಂದೆ ನನಗೊಂದು ಹೆಸರಿತ್ತು. ಅದನ್ನು ಉಳಿಸಿಕೊಂಡೆ.

ಆ ಸಂಜೆಯೇ ಉದಯಗಿರಿಗೆ ಕರೆದುಕೊಂಡು ಹೋಗು ಅಂದಳು. ಗಾಡಿಯಲ್ಲಿ ನನ್ನ ಪಕ್ಕ ಶಾಲು ಹೊದ್ದು ಕೂತಿದ್ದಳು. ಹಳ್ಳಕ್ಕೆ ಇಳಿದಾಗಲೆಲ್ಲ ಅವಳ ಮೈ ನನ್ನ ಮೇಲೆ ವಾಲುತ್ತಿತ್ತು, ತೂಕವೇ ಇರಲಿಲ್ಲ. ನಸ್ರೀನಕ್ಕನಿಗೆ ಆಗಲೇ ಗೊತ್ತಾಗಿತ್ತು. ಜೋಯಾಳ ಶಾಲೆಯಲ್ಲಿ ಯಾರೋ ಹುಡುಗಿಯರು ಅಣ್ಣಂದಿರ ಫೋನಿನಲ್ಲಿ ನೋಡಿ, ನಿನ್ನ ಹೆಸರಿನಲ್ಲಿ ಜೂಜಾಡುತ್ತಾರಂತೆ ಎಂದು ಆಡಿಕೊಂಡಿದ್ದರು. ಆ ಮಗು ಒಳಕೋಣೆಯಿಂದ ಹೊರಗೆ ಬರಲೇ ಇಲ್ಲ. ಮೊದಲಾದರೆ ಸವಿತಾಳ ದನಿ ಕೇಳಿದರೆ ಓಡಿ ಬರುತ್ತಿದ್ದಳು.

“ನಂದೇ ತಪ್ಪು ಅಕ್ಕ. ಜ್ವರ ಬಂದು ತಲೆ ಕೆಟ್ಟಿತ್ತು. ನಾನು ಯಾರಿಗೂ ಹೇಳ್ದೆ ಮರ್ತುಬಿಟ್ಟೆ” ಅಂದಳು ಸವಿತಾ.

ನಾನು ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದೆ. ನಸ್ರೀನಕ್ಕ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಸವಿತಾಳನ್ನು ಕೂರಿಸಿ ಬೆನ್ನಿಗೆ ದಿಂಬು ಕೊಟ್ಟರು. ಆಮೇಲೆ ಮೆಲ್ಲಗೆ ಹೇಳಿದರು.

“ಮಗಳ ಹೆಸರು ಇಟ್ಟಿದ್ದೇ ತಪ್ಪಾಯ್ತು ಸವಿತಾ. ಬೇರೆ ಏನಾದ್ರೂ ಇಟ್ಟಿದ್ರೆ ಅಂಗಡಿ ಮಾತ್ರ ಹೋಗ್ತಿತ್ತು.”

ಮಾರಾಟಕ್ಕೆ ಹೊಲಿದಿಟ್ಟಿದ್ದ ಫ್ರಾಕುಗಳು ಗೋಡೆಗೆ ಒರಗಿಸಿದ ಚೀಲಗಳಲ್ಲಿ ತುಂಬಿಕೊಂಡಿದ್ದವು. ಹೊಲಿಯುವ ಹೆಂಗಸರಿಬ್ಬರೂ ನಸ್ರೀನಕ್ಕನೂ ಬ್ಲೇಡು ಹಿಡಿದುಕೊಂಡು ಕತ್ತಿನ ಹಿಂದಿನ ಚೀಟಿ ಬಿಚ್ಚುತ್ತಿದ್ದರು. ಇನ್ನು ಅವನ್ನು ಹೆಸರಿಲ್ಲದೆ ಬೇರೆ ಅಂಗಡಿಗಳಿಗೆ ಕೊಡಬೇಕಿತ್ತು. ಸವಿತಾ ಕೆಳಗೆ ಜಾರಿ ಕೂತು ಒಂದು ಬ್ಲೇಡು ತೆಗೆದುಕೊಂಡಳು. ಸೂಜಿ ಚುಚ್ಚಿದ ಗುರುತು ಇನ್ನೂ ಮಾಸದ ಕೈಯಲ್ಲಿ ಒಂದೊಂದೇ ದಾರ ಕೊಯ್ದು ಚೀಟಿ ಎಳೆದು ಪಕ್ಕಕ್ಕೆ ಗುಡ್ಡೆ ಹಾಕಿದಳು. ನಸ್ರೀನಕ್ಕ ನನಗೆ ಟೀ ತಂದುಕೊಟ್ಟು, ನೀವ್ಯಾಕಣ್ಣ ನಿಂತಿದ್ದೀರ, ಕೂತ್ಕೊಳ್ಳಿ ಅಂದರು. ಕೂರಲಿಲ್ಲ. ಟೀ ಮಾತ್ರ ಕುಡಿದೆ.

ಆಮೇಲೆ ನನ್ನ ತಂಗಿ ಬದಲಾದಳು. ಹೇಳಿದ್ದನ್ನು ಹೇಳಿದೆನೋ ಇಲ್ಲವೋ ಎಂದು ಕೇಳುವ ಅಭ್ಯಾಸ ಹತ್ತಿತು. ಒಲೆ ಆರಿಸಿದ್ನಾ ಅವ್ವ? ಮೇಷ್ಟ್ರಿಗೆ ಫೋನ್ ಮಾಡ್ತೀನಿ ಅಂದಿದ್ನಾ ಅಣ್ಣ? ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳುತ್ತಿದ್ದಳು, ಪಾತ್ರೆ ತೊಳೆದರೆ ಅಳಿಸಿಹೋಗಿ ಮತ್ತೆ ಗಾಬರಿಯಾಗುತ್ತಿದ್ದಳು. ಒಂದು ಪುಟ ಮಾಡಿ ಮುಗಿಸಿ ಇಪ್ಪತ್ತು ಸಲ ತೆರೆದು ನೋಡುತ್ತಿದ್ದಳು. ಕಳೆದುಹೋದ ಒಂದು ಗಿರಾಕಿಯಿಂದ ಯಾರ ಕೆಲಸವೂ ಮುಳುಗುವುದಿಲ್ಲ. ಆದರೆ ತನ್ನ ಕೈಯನ್ನು ತಾನೇ ನಂಬದವಳು ಬೇರೆಯವರ ಅಂಗಡಿ ಹೇಗೆ ಕಾಯುತ್ತಾಳೆ? ಒಬ್ಬೊಬ್ಬರನ್ನೇ ಕರೆದು, ನಿಮ್ಮ ಕೆಲಸ ಬೇರೆಯವರಿಗೆ ಒಪ್ಪಿಸುತ್ತೇನೆ ಎಂದು ಬಿಟ್ಟುಕೊಟ್ಟಳು. ಮೇಷ್ಟ್ರು ಮನೆಗೇ ಬಂದು ಬೇಡಿಕೊಂಡರು. ನೀವು ನನ್ನ ಬರಹ ಓದ್ತಿದ್ರಿ, ಬೇರೆಯವ್ರು ಬರೀ ರಿಪೇರಿ ಮಾಡ್ತಾರೆ ಅಂದರು. ಅವರಿಗೂ ಇಲ್ಲ ಅಂದಳು.

ಆ ವರ್ಷ ಆಯುಧಪೂಜೆಗೆ ನಾನು ಗಾಡಿ ತೊಳೆದು, ವಿಭೂತಿ ಬಳಿದು, ಹೂವು ಹಾಕಿ ಎಂದಿನಂತೆ ಪಕ್ಕದಲ್ಲಿ ಮಣೆ ಇಟ್ಟೆ. ಪ್ರತಿ ವರ್ಷ ಅವಳ ಲ್ಯಾಪ್‌ಟಾಪ್ ಅದರ ಮೇಲೆ ಬರುತ್ತಿತ್ತು. ಗುಂಡಿಗಳೊಳಗೆ ಕುಂಕುಮ ಹೋಗುತ್ತೆ ಕಣಣ್ಣ, ಮುಚ್ಚಳದ ಮೇಲೆ ಮಾತ್ರ ಹಚ್ಚು ಎಂದು ಪ್ರತಿ ವರ್ಷ ಅದೇ ಜಗಳ. ಆ ವರ್ಷ ಮಣೆ ಖಾಲಿ ಉಳಿಯಿತು. ತರಲಿಲ್ವಾ ಎಂದು ಅವ್ವ ಕೇಳಿದ್ದಕ್ಕೆ, ಅದೇನು ನನ್ನ ಆಯುಧ ಅಲ್ವಲ್ಲವ್ವ ಈಗ ಅಂದಳು. ದಸರಾ ಕಳೆದ ಮೇಲೆ ಗೇಟಿನ ಬೋರ್ಡು ತೆಗೆಯಲು ಹೇಳಿದಳು. ಹಾಕಿದ ಕೈಯಲ್ಲೇ ತೆಗೆದೆ. ಪೀಠೋಪಕರಣದ ಅಂಗಡಿಯೊಂದರಲ್ಲಿ ಬಿಲ್ಲು ಹಾಕುವ ಕೆಲಸಕ್ಕೆ ಸೇರಿದಳು. ಅಲ್ಲಿ ನೆನಪಿಟ್ಟುಕೊಳ್ಳುವುದು ಏನೂ ಇರುವುದಿಲ್ಲ ಎಂದು ಸಮಾಧಾನವಾಗಿ ಹೇಳಿದಳು.

ಇವೆಲ್ಲಕ್ಕಿಂತ ನನ್ನನ್ನು ಚುಚ್ಚುವುದು ಇನ್ನೊಂದು. ಮರುವರ್ಷ ಅವಳು ತಲೆಯ ಸ್ಕ್ಯಾನ್ ಮಾಡಿಸಿದಳು. ಜ್ವರದಿಂದ ಒಳಗೆ ಏನಾದರೂ ಆಗಿರಬಹುದು, ಮರೆವು ಹೆಚ್ಚಾಗಿದೆ ಎಂದು ಡಾಕ್ಟರ ಹತ್ತಿರ ತಾನೇ ಹೇಳಿಕೊಂಡಳು. ಕರೆದುಕೊಂಡು ಹೋದವನು ನಾನು. ಓಲೆ, ಬಳೆ, ಪಿನ್ನು ಬಿಚ್ಚಿ ನನ್ನ ಅಂಗೈಯಲ್ಲಿಟ್ಟು ಒಳ ಹೋದಳು. ಅವನ್ನು ಹಿಡಿದುಕೊಂಡು ಬೆಂಚಿನ ಮೇಲೆ ಕೂತಿದ್ದೆ. ಆಗಲಾದರೂ ಬಾಗಿಲು ಬಡಿದು ಹೇಳಬಹುದಿತ್ತು. ತಲೆಯಲ್ಲಿ ಏನೂ ತೊಂದರೆ ಇಲ್ಲ ಎಂದರು ಡಾಕ್ಟರು. ನನಗೆ ಜೀವ ಬಂದಂತಾಯಿತು. ಅವಳ ಮುಖ ಮಾತ್ರ ಬಾಡಿತು. ಗಾಡಿ ಹತ್ತಿದ ಮೇಲೆ ಹೇಳಿದಳು: “ಏನಾದ್ರೂ ಸಿಕ್ಕಿದ್ರೆ ಔಷಧಿ ತಗೋಬೋದಿತ್ತು ಅಣ್ಣ.”

ಎದುರುಮನೆಯ ಅಜ್ಜಿ ಪರಂಗಿ ಎಲೆ ಕುಟ್ಟಿದ ಆ ದಿನ ನಾನು ಬಾಡಿಗೆಗೆ ಹೋಗಲಿಲ್ಲ. ಮನೆಯೊಳಗೂ ಇರಲಾಗದೆ ಜಗುಲಿಯಲ್ಲೇ ಕೂತಿದ್ದೆ. ಸಂಜೆ ಸವಿತಾ ಕೆಲಸದಿಂದ ಬಂದಳು. ಛತ್ರಿ ಮಡಿಸುತ್ತಾ ಕೇಳಿದಳು, “ಅಣ್ಣ, ಅವ್ವನ ಮಾತ್ರೆ ತರೋಕೆ ಬೆಳಿಗ್ಗೆ ನಿಂಗೆ ಹೇಳಿದ್ನಾ?”

ಹೇಳಿದ್ದಳು. ತಂದು ಕಿಟಕಿಯಲ್ಲಿಟ್ಟಿದ್ದೆ.

“ಹೇಳಿದ್ದೆ” ಅಂದೆ.

“ಹೌದಾ?” ಅಂದಳು. ಅದೇ ಹೌದಾ.

“ಆವತ್ತೂ ಹೇಳಿದ್ದೆ ಸವಿ. ಆಸ್ಪತ್ರೆಲಿ.”

ಅವಳ ಕೈಯಲ್ಲಿ ಛತ್ರಿ ಅರ್ಧ ಮಡಿಸಿದ್ದು ಹಾಗೇ ನಿಂತಿತು. ನಾನು ನೆಲ ನೋಡುತ್ತಲೇ ಹೇಳಿದೆ. ಬಂಡಿಪಾಳ್ಯ, ಆ ಹುಡುಗಿಯ ಮಾತು, ಬ್ಲಾಕ್ ಮಾಡಿದ್ದು, ಆಸ್ಪತ್ರೆಯ ಮೆಟ್ಟಿಲು, ಎಲ್ಲ. ಮುಗಿದ ಮೇಲೆ ಮೆಟ್ಟಿಲ ಮೇಲೆ ಕೂತಳು.

“ನಾನು ಏನಂತ ಹೇಳಿದ್ದೆ? ಹೇಳಿದ ಹಾಗೇ ಹೇಳು.”

“ಅಣ್ಣ, ನಸ್ರೀನಕ್ಕನ ಹೆಸರು ಹೋಗುತ್ತೆ. ಅದಕ್ಕೆ ಫೋನ್ ಬರುತ್ತೆ. ಬಂದ ತಕ್ಷಣ ನಂಗೆ ಹೇಳು. ಮಲ್ಗಿದ್ರೂ ಎಬ್ಬಿಸು. ಎರಡು ಸಲ ಅಂದೆ.”

ಅವಳು ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡಳು. ಆ ಮಾತುಗಳನ್ನು ತುಟಿಯಲ್ಲೇ ಒಂದು ಸಲ ಆಡಿಕೊಂಡಳು. ಆಮೇಲೆ ಅತ್ತಳು. ನಾನು ಎದ್ದು ಹತ್ತಿರ ಹೋದಾಗ ಕೈಯೆತ್ತಿ ತಡೆದಳು.

“ಸ್ಕ್ಯಾನಿಗೆ ನೀನೇ ಅಲ್ವಾ ಕರ್ಕೊಂಡೋಗಿದ್ದು?”

“ಹೂಂ.”

ಹನಿ ಶುರುವಾಯಿತು. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. “ಇಲ್ಲಿ ಹೇಳಿದ್ರೆ ಸಾಲ್ದು. ನನ್ನ ಹೆಸರು ಹೋಗಿರೋದು ಅಲ್ಲಿ. ಗಾಡಿ ತೆಗಿ” ಅಂದಳು.

ದಾರಿಯುದ್ದಕ್ಕೂ ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದಳು. ಹಳ್ಳ ಬಂದಾಗ ಕಂಬಿ ಹಿಡಿದುಕೊಂಡಳು, ನನ್ನ ಮೇಲೆ ವಾಲಲಿಲ್ಲ. ನಸ್ರೀನಕ್ಕನ ಮನೆಯಲ್ಲಿ ಯಂತ್ರಗಳು ಓಡುತ್ತಿದ್ದವು. ಜೋಯಾ ಈಗ ಪಿಯುಸಿ, ಎತ್ತರವಾಗಿದ್ದಾಳೆ. ಬಾಗಿಲು ತೆರೆದವಳು ಅವಳೇ. ನನ್ನನ್ನು ನೋಡಿ, ಪಾರ್ಸೆಲ್ ಏನಾದರೂ ತಂದಿದ್ದೀರಾ ಎಂದು ಕೇಳಿದಳು. ನಾನು ಚಪ್ಪಲಿ ಬಿಟ್ಟು ಆವತ್ತು ನಿಂತಿದ್ದ ಹೊಸ್ತಿಲಿಗೇ ಬಂದು ನಿಂತೆ. ನಸ್ರೀನಕ್ಕ ಯಂತ್ರ ನಿಲ್ಲಿಸಿ, ಏನಣ್ಣ, ಯಾರಿಗಾದ್ರೂ ಹುಷಾರಿಲ್ವಾ ಎಂದು ಎದ್ದರು. ಸವಿತಾ ಗೋಡೆಗೆ ಒರಗಿ ನನ್ನನ್ನೇ ನೋಡುತ್ತಿದ್ದಳು. ನಾನು ಹೊಸ್ತಿಲು ದಾಟಿ ಒಳಗೆ ಬಂದೆ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

“ನಸ್ರೀನಕ್ಕ, ನನ್ನ ತಂಗಿ ಮರ್ತಿರ್ಲಿಲ್ಲ. ಸಾಯೋ ಜ್ವರದಲ್ಲೂ ನಿಮ್ಮ ಹೆಸರೇ ನೆನೀತಿದ್ಲು, ಎರಡು ಸಲ ನಂಗೆ ಹೇಳಿದ್ಲು. ಫೋನ್ ಬಂದಿತ್ತು, ಬೈದು ಇಟ್ಟೋನು ನಾನು. ಆಮೇಲೆ ನೀನು ಹೇಳ್ಲೇ ಇಲ್ಲ ಅಂತ ಅವಳ ಬಾಯಿ ಮುಚ್ಸಿದೋನೂ ನಾನೇ. ಜೋಯಾ, ನಿನ್ನ ಹೆಸರು ಕಳ್ದಿದ್ದು ನಾನು ಕಣಮ್ಮ, ನಿಮ್ಮ ಸವಿತಕ್ಕ ಅಲ್ಲ. ತಪ್ಪಾಯ್ತು. ಸವಿ, ತಪ್ಪಾಯ್ತು ಕಣಮ್ಮ.”